ಪ್ರವಾಸದ ನಡುವೆ ವಾಹನ ಕೆಟ್ಟಾಗ: ದುರಸ್ತಿ ವೆಚ್ಚ, ವಿಮೆ ಮತ್ತು ತೆರಿಗೆಯ ಲೆಕ್ಕ

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ರಸ್ತೆಯಲ್ಲಿ ಅಮೀನಗಡ ದಾಟಿದ ಮೇಲೆ ನಮ್ಮ ಕಾರಿನ ಉಷ್ಣತೆಯ ಮುಳ್ಳು ಮೇಲೇರತೊಡಗಿತು. ಏಪ್ರಿಲ್ ತಿಂಗಳ ಮಧ್ಯಾಹ್ನ. ಇಳಕಲ್ಲಿನಲ್ಲಿ ಸೀರೆಯ ಹಳೆಯ ಬಾಕಿ ಚುಕ್ತಾ ಮಾಡಬೇಕಿತ್ತು. ನಾಲ್ಕು ಗಂಟೆಗೆ ಬರುತ್ತೇವೆಂದು ಮಾತು ಕೊಟ್ಟಾಗಿತ್ತು. “ಹುನಗುಂದ ಇನ್ನೇನು ಬಂತ್ರಿ, ಅಲ್ಲೀತನಾ ನಡೀರಿ” ಎಂದರು ಜೊತೆಗಿದ್ದ ಪಾಲುದಾರರು. ನಾನೂ ಒಪ್ಪಿದೆ. ಏಳೆಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ನಿಂತಿತು. ಒಡೆದದ್ದು ರೇಡಿಯೇಟರಿನ ಒಂದು ರಬ್ಬರ್ ಪೈಪು. ಅದರ ಬೆಲೆ ಕೆಲವೇ ನೂರು ರೂಪಾಯಿ. ಆದರೆ ನೀರಿಲ್ಲದೆ ಓಡಿಸಿದ ಕಾರಣ ಹೆಡ್ ಗ್ಯಾಸ್ಕೆಟ್ ಸುಟ್ಟು, ಸಿಲಿಂಡರ್ ಹೆಡ್ ಬಾಗಿತ್ತು. ಬಿಲ್ಲು 41,600 ರೂಪಾಯಿ ಆಯಿತು. ಕಾರು ಒಂಬತ್ತು ದಿನ ಗ್ಯಾರೇಜಿನಲ್ಲಿ ಉಳಿಯಿತು. ಈ ಮೊತ್ತದಲ್ಲಿ ವಿಮೆಯಿಂದ ಬಂದದ್ದು ಸೊನ್ನೆ. ಜಿಎಸ್‌ಟಿ ಹೂಡುವಳಿ ತೆರಿಗೆಯ ಜಮೆಯಾಗಿ ದೊರೆತದ್ದೂ ಸೊನ್ನೆ.

ಈ ಎರಡು ಸೊನ್ನೆಗಳಿಗೆ ಕಾರಣವೇನೆಂದು ತಿಳಿಯಲು ಪಾಲಿಸಿಯ ಷರತ್ತುಗಳನ್ನೂ ಕಾಯಿದೆಯ ಕಲಮುಗಳನ್ನೂ ಆಮೇಲೆ ಓದಬೇಕಾಯಿತು. ಮೊದಲೇ ಓದಿದ್ದರೆ ಹಣದ ಒಂದು ಪಾಲಾದರೂ ಉಳಿಯುತ್ತಿತ್ತು. ನಮ್ಮ ಜಿಲ್ಲೆಯ ವ್ಯಾಪಾರವೆಲ್ಲ ರಸ್ತೆಯ ಮೇಲೆಯೇ ನಡೆಯುವಂಥದು. ಇಳಕಲ್ಲಿನ ಸೀರೆ ಮತ್ತು ಗ್ರಾನೈಟ್, ಗುಳೇದಗುಡ್ಡದ ಖಣ, ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಡುವ ಅಂಗಡಿಗಳ ಸಾಮಾನು, ಎಲ್ಲವೂ ಟೆಂಪೊ, ಲಾರಿ ಅಥವಾ ವರ್ತಕರ ಸ್ವಂತ ಕಾರಿನ ಹಿಂಬದಿಯಲ್ಲಿಯೇ ಸಾಗುತ್ತವೆ. ಆದ್ದರಿಂದ ಈ ವಿಷಯವನ್ನು ಸದಸ್ಯ ಬಾಂಧವರ ಮುಂದೆ ತುಸು ವಿವರವಾಗಿ ಇಡುವುದು ಉಚಿತವೆನಿಸಿತು.

ನಿಂತ ಮೊದಲ ಗಂಟೆ

ವಾಹನ ಕೆಟ್ಟಾಗ ಅದನ್ನು ರಸ್ತೆಯಿಂದ ಕೆಳಗಿಳಿಸಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ನಮ್ಮ ಭಾಗದಲ್ಲಿ ಇದಕ್ಕೊಂದು ಎಚ್ಚರಿಕೆ ಸೇರಿಸಬೇಕು. ಮಳೆಗಾಲದಲ್ಲಿ ಎರೆಮಣ್ಣಿನ ಅಂಚಿಗೆ ಭಾರದ ವಾಹನವನ್ನು ಇಳಿಸಿದರೆ ಗಾಲಿ ಹೂತುಹೋಗುತ್ತದೆ. ಆಗ ದುರಸ್ತಿಗಾರನ ಜೊತೆಗೆ ಕ್ರೇನಿನವನನ್ನೂ ಕರೆಯಬೇಕಾಗುತ್ತದೆ. ನೆಲ ಗಟ್ಟಿಯಿದೆಯೇ ಎಂದು ಒಬ್ಬರು ಇಳಿದು ತುಳಿದು ನೋಡಿದ ನಂತರವೇ ಗಾಡಿ ಇಳಿಸುವುದು ಲೇಸು.

ಕಬ್ಬು ನುರಿಸುವ ಹಂಗಾಮಿನಲ್ಲಿ ಅಪಾಯ ಬೇರೆ ಬಗೆಯದು. ರಾತ್ರಿ ವೇಳೆ ಎರಡೆರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳು ಸಾಲುಗಟ್ಟಿ ಸಾಗುತ್ತವೆ. ಅವುಗಳಲ್ಲಿ ಅನೇಕಕ್ಕೆ ಹಿಂದಿನ ದೀಪವೂ ಇರುವುದಿಲ್ಲ, ಸರಿಯಾದ ಬ್ರೇಕೂ ಇರುವುದಿಲ್ಲ. ನಿಂತ ಗಾಡಿಯ ಒಳಗೆ ಕುಳಿತು ಮಿಸ್ತ್ರಿಗಾಗಿ ಕಾಯುವುದು ಅತ್ಯಂತ ಅಪಾಯಕಾರಿ. ಎಲ್ಲ ದೀಪಗಳನ್ನು ಮಿನುಗಿಸಿ, ಹೊಸ ಕಾರಿನೊಂದಿಗೆ ಕಂಪನಿಯೇ ಕೊಡುವ ಕೆಂಪು ತ್ರಿಕೋನ ಫಲಕವನ್ನು ಐವತ್ತು ಮೀಟರಿನಷ್ಟು ಹಿಂದೆ ಇರಿಸಿ, ಜನರೆಲ್ಲ ರಸ್ತೆಯಿಂದ ದೂರ ನಿಲ್ಲಬೇಕು. ಆ ಫಲಕ ನಮ್ಮಲ್ಲಿ ಹೆಚ್ಚಿನವರ ಕಾರಿನಲ್ಲಿ ಸ್ಟೆಪ್ನಿಯ ಕೆಳಗೆ ಪ್ಲಾಸ್ಟಿಕ್ ಚೀಲವನ್ನೂ ಬಿಚ್ಚದೆ ಮಲಗಿರುತ್ತದೆ. ಬಳಕೆಯಲ್ಲಿರುವ ಕಲ್ಲು ಮತ್ತು ಗಿಡದ ಟೊಂಗೆಗಳು ರಾತ್ರಿ ಕಾಣಿಸುವುದಿಲ್ಲ. ಮೇಲಾಗಿ ಗಾಡಿ ಹೊರಟ ಮೇಲೆ ಕಲ್ಲುಗಳು ಅಲ್ಲಿಯೇ ಉಳಿದು ಇನ್ನೊಬ್ಬನ ಪ್ರಾಣಕ್ಕೆ ಎರವಾಗುತ್ತವೆ.

ವಿಜಯಪುರದಿಂದ ಹುನಗುಂದ, ಇಳಕಲ್, ಕುಷ್ಟಗಿ ಮಾರ್ಗವಾಗಿ ಹೊಸಪೇಟೆಯ ಕಡೆಗೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ (ಹಳೆಯ ಸಂಖ್ಯೆ 13) ವಾಹನ ನಿಂತರೆ ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಗೆ ಕರೆ ಮಾಡಬಹುದು. ಟೋಲ್ ವಸೂಲಿ ಮಾಡುವ ಹೆದ್ದಾರಿಗಳಲ್ಲಿ ಗಸ್ತು ವಾಹನ, ಆಂಬುಲೆನ್ಸ್ ಮತ್ತು ಕ್ರೇನಿನ ಏರ್ಪಾಡು ನಾವು ತೆರುವ ಟೋಲಿನಲ್ಲಿಯೇ ಸೇರಿದೆ. ಆದರೆ ಆ ಕ್ರೇನು ಗಾಡಿಯನ್ನು ರಸ್ತೆಯಿಂದ ಸರಿಸಿ ಸಮೀಪದ ಸುರಕ್ಷಿತ ಸ್ಥಳಕ್ಕೆ ಒಯ್ಯುವುದಕ್ಕಾಗಿ ಮಾತ್ರ. ನಮಗೆ ಬೇಕಾದ ಗ್ಯಾರೇಜಿನವರೆಗೆ ಒಯ್ಯುವುದಕ್ಕಲ್ಲ. ರಾಜ್ಯ ಹೆದ್ದಾರಿಯಲ್ಲಿ, ಹಾಗೂ ಎಲ್ಲಿಯೇ ಆಗಲಿ ಅಪಾಯವೆನಿಸಿದಾಗ, 112 ಸಂಖ್ಯೆ ಇದೆ.

ದಂಡದ ವಿಷಯದಲ್ಲಿ ವರ್ತಕರಲ್ಲಿ ಅನಗತ್ಯ ಅಂಜಿಕೆಯಿದೆ. ಕೆಟ್ಟ ವಾಹನದಿಂದ ಸಂಚಾರಕ್ಕೆ ಅಡ್ಡಿಯಾದರೆ ಮೋಟಾರು ವಾಹನ ಕಾಯಿದೆಯ 201ನೆಯ ಕಲಮಿನಂತೆ ದಂಡವಿದೆ ನಿಜ. ಆದರೆ ವಾಹನ ಅನಿರೀಕ್ಷಿತವಾಗಿ ಕೆಟ್ಟಿದ್ದು, ಅದನ್ನು ತೆಗೆಸುವ ಕೆಲಸ ನಡೆದಿದ್ದರೆ ಈ ದಂಡ ಅನ್ವಯವಾಗದೆಂದು 2019ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಗಾಡಿಯನ್ನು ಅನಾಥವಾಗಿ ಬಿಟ್ಟು ಊರಿಗೆ ಹೋದವನಿಗೆ ಈ ರಕ್ಷಣೆಯಿಲ್ಲ. ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕಾವಲಿಲ್ಲದೆ ನಿಂತ ವಾಹನವನ್ನು ಪೊಲೀಸರು ಎಳೆಸಬಹುದು. ಸಂಚಾರಕ್ಕೆ ಅಪಾಯವಾಗುವಂತಿದ್ದರೆ ತಕ್ಷಣವೇ ಎಳೆಸಬಹುದು. ಆ ಖರ್ಚು ಮಾಲೀಕನದೇ.

ಎಳೆಸುವ ಖರ್ಚು

ಎಳೆಯುವ ಕೂಲಿಗೆ ಸರಕಾರಿ ದರಪಟ್ಟಿಯೊಂದು ರಸ್ತೆ ಬದಿಯಲ್ಲಿ ಸಿಗುವುದಿಲ್ಲ. ಅದು ಅವಸರದ ಮೇಲೆ ಏರುತ್ತದೆ. ಸಂಜೆಯಾದಂತೆ ಮತ್ತು ಊರು ದೂರವಾದಂತೆ ದರ ಹೆಚ್ಚು. ಮಾತು ಮುಗಿಸುವ ಮೊದಲು ಮೂರು ಸಂಗತಿಗಳನ್ನು ಕೇಳಿಕೊಳ್ಳಬೇಕು. ಕ್ರೇನು ಬಂದುಹೋಗುವ ದೂರ ಎರಡೂ ಲೆಕ್ಕಕ್ಕೆ ಬರುತ್ತದೆಯೇ, ಗ್ಯಾರೇಜಿನಲ್ಲಿ ಇಳಿಸುವ ಕೂಲಿ ಸೇರಿದೆಯೇ, ಬಿಲ್ಲು ಕೊಡುತ್ತಾರೆಯೇ. ಒಪ್ಪಿದ ಮೊತ್ತವನ್ನು ಮೊಬೈಲಿನಲ್ಲಿ ಒಂದು ಸಂದೇಶವಾಗಿ ಕಳುಹಿಸಿ “ಆಯಿತು” ಎಂಬ ಉತ್ತರ ಪಡೆದರೆ ಸಾಕು, ನಂತರದ ಜಗಳ ತಪ್ಪುತ್ತದೆ.

ಹಗ್ಗ ಕಟ್ಟಿ ಎಳೆಸುವುದು ಹಳೆಯ ಗಾಡಿಗಳಿಗೆ ನಡೆಯುತ್ತಿತ್ತು. ಆಟೊಮ್ಯಾಟಿಕ್ ಗೇರಿನ ಕಾರು ಹಾಗೂ ವಿದ್ಯುತ್ ಕಾರುಗಳನ್ನು ಚಾಲಕ ಗಾಲಿಗಳು ನೆಲಕ್ಕೆ ತಾಗಿ ಉರುಳುವಂತೆ ಎಳೆಸಿದರೆ ಗೇರ್ ಪೆಟ್ಟಿಗೆ ಅಥವಾ ಮೋಟಾರು ಹಾಳಾಗಬಹುದು. ಅವನ್ನು ಚಪ್ಪಟೆ ತಳದ ಗಾಡಿಯ ಮೇಲೆ ಏರಿಸಿಯೇ ಒಯ್ಯಬೇಕು. ಇದಕ್ಕೆ ಕೂಲಿ ಹೆಚ್ಚಾದರೂ ಉಪಾಯವಿಲ್ಲ.

ರಸ್ತೆಯಲ್ಲಿ ಕೆಟ್ಟವರಿಗೆ ನೆರವಾಗಲೆಂದು ಸದಸ್ಯರೇ ಚಂದಾ ಹಾಕಿ ನಡೆಸುವ ಸಂಘಗಳು ಮೋಟಾರಿನಷ್ಟೇ ಹಳೆಯವು. ಇಂಗ್ಲೆಂಡಿನ ಆಟೊಮೊಬೈಲ್ ಅಸೋಸಿಯೇಷನ್ 1905ರಲ್ಲಿ ಹುಟ್ಟಿತು. ನಮ್ಮಲ್ಲಿ ಈಗ ಆ ಕೆಲಸವನ್ನು ಕಾರು ತಯಾರಕರು ಮತ್ತು ವಿಮಾ ಕಂಪನಿಗಳು “ರೋಡ್‌ಸೈಡ್ ಅಸಿಸ್ಟೆನ್ಸ್” ಹೆಸರಿನಲ್ಲಿ ಮಾಡುತ್ತವೆ. ಕಾರು ಕೊಂಡಾಗ ಅಥವಾ ವಿಮೆ ನವೀಕರಿಸಿದಾಗ ಇದಕ್ಕಾಗಿ ಹಣ ತೆತ್ತು, ತೆತ್ತದ್ದನ್ನೇ ಮರೆತವರು ನಮ್ಮ ನಡುವೆ ಬಹಳ. ನಾನೂ ಅವರಲ್ಲೊಬ್ಬ. ನನ್ನ ಪಾಲಿಸಿಯ ಕೊನೆಯ ಪುಟದಲ್ಲಿ ಆ ದೂರವಾಣಿ ಸಂಖ್ಯೆ ಇತ್ತು. ಅದನ್ನು ಕಂಡದ್ದು ಕಾರು ಮನೆಗೆ ಬಂದ ಮೇಲೆ. ಉಚಿತವಾಗಿ ಎಷ್ಟು ಕಿಲೋಮೀಟರಿನವರೆಗೆ ಎಳೆಯುತ್ತಾರೆ, ವರ್ಷಕ್ಕೆ ಎಷ್ಟು ಬಾರಿ, ತಾಲ್ಲೂಕು ಕೇಂದ್ರದಿಂದ ದೂರದ ಹಳ್ಳಿಗೆ ಬರುತ್ತಾರೆಯೇ ಎಂಬುದನ್ನು ಓದಿಟ್ಟುಕೊಳ್ಳಬೇಕು. ನಮ್ಮ ಜಿಲ್ಲೆಯಲ್ಲಿ ಕೆಲವು ಕಂಪನಿಗಳ ಅಧಿಕೃತ ಸೇವಾ ಕೇಂದ್ರಕ್ಕೆ ಹುಬ್ಬಳ್ಳಿ ಅಥವಾ ವಿಜಯಪುರಕ್ಕೇ ಹೋಗಬೇಕಾಗುವುದರಿಂದ ಉಚಿತ ದೂರದ ಮಿತಿ ಇಲ್ಲಿ ಬಹಳ ಮುಖ್ಯವಾಗುತ್ತದೆ.

ಗ್ಯಾರೇಜಿನ ಬಾಗಿಲಲ್ಲಿ

ಗುರುತಿಲ್ಲದ ಊರಿನ ಗ್ಯಾರೇಜಿನಲ್ಲಿ ಗಾಡಿ ಬಿಡುವಾಗ ಕಾನೂನಿನ ದೃಷ್ಟಿಯಲ್ಲಿ ಏನಾಗುತ್ತದೆ? 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಗ್ಯಾರೇಜಿನವನು ನಮ್ಮ ವಸ್ತುವನ್ನು ಒಂದು ಉದ್ದೇಶಕ್ಕಾಗಿ ವಶಕ್ಕೆ ಪಡೆದವನು. ತನ್ನ ಸ್ವಂತ ವಸ್ತುವನ್ನು ಸಾಮಾನ್ಯ ವಿವೇಕವುಳ್ಳವನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳುವುದು ಅವನ ಹೊಣೆ (151ನೆಯ ಕಲಮು). ಅದೇ ಕಾಯಿದೆಯ 170ನೆಯ ಕಲಮು ಅವನಿಗೂ ಒಂದು ಬಲ ಕೊಟ್ಟಿದೆ. ವಸ್ತುವಿನ ಮೇಲೆ ತನ್ನ ದುಡಿಮೆ ಅಥವಾ ಕೌಶಲ ಹಾಕಿದವನು, ಬೇರೆ ಕರಾರು ಇಲ್ಲದಿದ್ದರೆ, ಕೂಲಿ ಸಲ್ಲುವವರೆಗೆ ಆ ವಸ್ತುವನ್ನು ತನ್ನ ಬಳಿಯೇ ಇರಿಸಿಕೊಳ್ಳಬಹುದು. ಅಂದರೆ ಎಂಜಿನ್ ಬಿಚ್ಚಿದ ಮೇಲೆ ದರದ ಚೌಕಾಸಿ ಮಾಡುವ ವರ್ತಕನ ಕೈ ಕಟ್ಟಿರುತ್ತದೆ. ವ್ಯಾಪಾರದಲ್ಲಿ ಮುಂಗಡ ದರ ನಿಗದಿಯಾಗದೆ ಒಂದು ಗಂಟು ಸರಕನ್ನೂ ಕಳುಹಿಸದ ನಾವು, ಗ್ಯಾರೇಜಿನಲ್ಲಿ ಮಾತ್ರ “ನೋಡಿ ಮಾಡ್ರಿ” ಎಂದು ಕೀಲಿಕೈ ಕೊಟ್ಟು ಬರುತ್ತೇವೆ.

ನನ್ನ ವಿಷಯದಲ್ಲಿ ನಡೆದದ್ದೂ ಇದೇ. ಮೊದಲ ದಿನ ಬಾಯಿಮಾತಿನಲ್ಲಿ ಹೇಳಿದ ಅಂದಾಜು ಹದಿನೆಂಟು ಸಾವಿರ. ನಾಲ್ಕನೆಯ ದಿನ ಹೆಡ್ ಬಾಗಿದೆ ಎಂದರು. ಏಳನೆಯ ದಿನ ವಾಟರ್ ಪಂಪೂ ಹೋಗಿದೆ ಎಂದರು. ಹಳೆಯ ಪಂಪು ತೋರಿಸಿರೆಂದಾಗ ಗುಜರಿಗೆ ಹೋಯಿತೆಂಬ ಉತ್ತರ ಬಂತು. ಅವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಬಿಚ್ಚಿದ ಮೇಲೆಯೇ ಕಾಣುವ ದೋಷಗಳು ನಿಜವಾಗಿಯೂ ಇರುತ್ತವೆ. ಆದರೆ ಅದನ್ನು ಪರಿಶೀಲಿಸುವ ಯಾವ ದಾರಿಯನ್ನೂ ನಾನು ಉಳಿಸಿಕೊಂಡಿರಲಿಲ್ಲ.

ಆ ದಾರಿಯನ್ನು ಉಳಿಸಿಕೊಳ್ಳುವುದು ಕಷ್ಟವಲ್ಲ. ಬಿಚ್ಚಿ ನೋಡುವ ಮಜೂರಿ ಎಷ್ಟೆಂದು ಪ್ರತ್ಯೇಕವಾಗಿ ಕೇಳಬೇಕು, ಏಕೆಂದರೆ ದೋಷ ತಿಳಿದ ಮೇಲೆ ಗಾಡಿಯನ್ನು ಬೇರೆಡೆ ಒಯ್ಯುವುದಾದರೆ ಕೊಡಬೇಕಾದದ್ದು ಅಷ್ಟೇ. ಬಿಡಿಭಾಗ ಮತ್ತು ಮಜೂರಿಯನ್ನು ಬೇರೆ ಬೇರೆ ಬರೆದ ಅಂದಾಜು ಪಟ್ಟಿ ಪಡೆಯಬೇಕು. ಇಂತಿಷ್ಟು ಮೊತ್ತ ಮೀರಿದರೆ ಫೋನು ಮಾಡದೆ ಕೆಲಸ ಮುಂದುವರಿಸಬಾರದೆಂದು ಅದರ ಮೇಲೆಯೇ ಬರೆಸಬೇಕು. ತೆಗೆದ ಹಳೆಯ ಭಾಗಗಳನ್ನು ಗಾಡಿಯಲ್ಲಿಯೇ ಇರಿಸಲು ಹೇಳಬೇಕು. ಓಡಿದ ಕಿಲೋಮೀಟರು, ಇಂಧನದ ಮಟ್ಟ, ಟೈರು ಮತ್ತು ಬ್ಯಾಟರಿಯ ಸಂಖ್ಯೆಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಲು ಐದು ನಿಮಿಷ ಸಾಕು. ಚೆಕ್ ಪುಸ್ತಕ, ಉದ್ರಿ ವಹಿ, ಮಾದರಿ ಸೀರೆಗಳ ಗಂಟು ಇವನ್ನು ಗಾಡಿಯಲ್ಲಿ ಬಿಡಲೇಬಾರದು.

ಅಧಿಕೃತ ಕೇಂದ್ರವೋ, ಊರಿನ ಮಿಸ್ತ್ರಿಯೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಫ್ಯಾನ್ ಬೆಲ್ಟು, ಕ್ಲಚ್ ಪ್ಲೇಟು, ಪೈಪು, ಡೈನಮೊ ಇಂಥ ಕೆಲಸಗಳಿಗೆ ಲಾರಿ ಗ್ಯಾರೇಜುಗಳಲ್ಲಿ ಪಳಗಿದ ನಮ್ಮ ಭಾಗದ ಮಿಸ್ತ್ರಿಗಳು ಯಾರಿಗೂ ಕಡಿಮೆಯಿಲ್ಲ. ಗಣಕಯಂತ್ರದಿಂದ ನಡೆಯುವ ಹೊಸ ಎಂಜಿನಿನ ದೋಷ ಹಿಡಿಯಲು ಬೇಕಾದ ಉಪಕರಣ ಮಾತ್ರ ಎಲ್ಲರ ಬಳಿ ಇರುವುದಿಲ್ಲ. ಹೊರಗೆ ದುರಸ್ತಿ ಮಾಡಿಸಿದರೆ ವಾರಂಟಿ ಹೋಗುತ್ತದೆಂಬ ಭಯವೂ ಇದೆ. ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿ ಮೀರಿದ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. ವ್ಯವಹಾರದ ಮಟ್ಟಿಗೆ ಹೇಳುವುದಾದರೆ, ವಾರಂಟಿ ಅವಧಿಯೊಳಗಿನ ಗಾಡಿಯನ್ನು ಬಿಚ್ಚಿಸುವ ಮೊದಲು ಕಂಪನಿಯ ಸಹಾಯವಾಣಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯುವುದು ಕ್ಷೇಮ.

ವಾದ ಬೆಳೆದರೆ ಬಾಗಲಕೋಟೆಯಲ್ಲಿಯೇ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಅಥವಾ ಉದ್ಯೋಗ ಮಾಡುವ ಸ್ಥಳದಲ್ಲಿಯೇ ದೂರು ಸಲ್ಲಿಸಬಹುದು. ಗಾಡಿ ಚಿತ್ರದುರ್ಗದಲ್ಲಿ ಕೆಟ್ಟಿತೆಂದು ಅಲ್ಲಿಗೆ ಅಲೆಯಬೇಕಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ವಾಣಿಜ್ಯ ಉದ್ದೇಶಕ್ಕಾಗಿ ಸೇವೆ ಪಡೆದವನನ್ನು ಈ ಕಾಯಿದೆ ಗ್ರಾಹಕನೆಂದು ಒಪ್ಪುವುದಿಲ್ಲ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲು ಒಂದು ಟೆಂಪೊ ಇಟ್ಟುಕೊಂಡವನಿಗೆ ವಿನಾಯಿತಿ ದೊರೆತೀತು. ಹತ್ತು ಲಾರಿಗಳ ಸಂಸ್ಥೆಗೆ ಅದು ಕಷ್ಟ.

ವಿಮೆ ಎಲ್ಲಿಯವರೆಗೆ?

ಸಮಗ್ರ ವಿಮೆಯಿದ್ದರೆ ಎಲ್ಲ ದುರಸ್ತಿಗೂ ಹಣ ಬರುತ್ತದೆಂಬುದು ತಪ್ಪು ಕಲ್ಪನೆ. ಸಾಮಾನ್ಯ ಮೋಟಾರು ಪಾಲಿಸಿ ಅಪಘಾತ, ಬೆಂಕಿ, ಕಳವು, ನೆರೆ ಮುಂತಾದವುಗಳಿಂದಾದ ಹಾನಿಗೆ ಸಂಬಂಧಿಸಿದ್ದು. ಯಂತ್ರದ ಅಥವಾ ವಿದ್ಯುತ್ ಭಾಗಗಳ ಕೆಡುಕು, ಸವೆತ, ಮತ್ತು ಒಂದು ಹಾನಿಯ ಪರಿಣಾಮವಾಗಿ ಆದ ಇನ್ನೊಂದು ನಷ್ಟ ಅದರ ಹೊರಗಿವೆ. ನನ್ನ ಪೈಪು ಒಡೆದದ್ದು ಯಂತ್ರದ ಕೆಡುಕು. ಮೊದಲನೆಯ ಸೊನ್ನೆಗೆ ಇದೇ ಕಾರಣ.

ಇದಕ್ಕಿಂತ ಮುಖ್ಯವಾದ ಷರತ್ತೊಂದು ಪಾಲಿಸಿಯಲ್ಲಿದೆ. ಅಪಘಾತವಾದಾಗ ಅಥವಾ ವಾಹನ ಕೆಟ್ಟಾಗ ಸೂಕ್ತ ಎಚ್ಚರಿಕೆ ವಹಿಸದೆ ಅದನ್ನು ಕಾವಲಿಲ್ಲದೆ ಬಿಡಕೂಡದು. ಅಗತ್ಯ ದುರಸ್ತಿಗೆ ಮುನ್ನ ಓಡಿಸಿದರೆ ಹೆಚ್ಚಾಗುವ ಹಾನಿ ಪೂರ್ತಿಯಾಗಿ ಮಾಲೀಕನ ತಲೆಯ ಮೇಲೆ. ಕಲ್ಲು ಬಡಿದು ಎಂಜಿನ್ ಎಣ್ಣೆಯ ತೊಟ್ಟಿ ಒಡೆದದ್ದು ಅಪಘಾತ, ಅದಕ್ಕೆ ಪರಿಹಾರವಿದೆ. ಎಣ್ಣೆ ಸೋರುತ್ತಿದ್ದರೂ ಮುಂದಿನ ಊರಿನವರೆಗೆ ಓಡಿಸಿ ಎಂಜಿನ್ ಹಿಡಿದುಕೊಂಡರೆ ಆ ಎಂಜಿನ್ನಿಗೆ ಪರಿಹಾರವಿಲ್ಲ. 2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಮಲಪ್ರಭೆಯ ದಂಡೆಯ ರಸ್ತೆಗಳು ಮುಳುಗಿದ್ದನ್ನು ಬಾದಾಮಿ, ಪಟ್ಟದಕಲ್ಲು, ಹುನಗುಂದ ಭಾಗದವರು ಮರೆತಿಲ್ಲ. ನೀರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಮತ್ತೆ ಚಾಲೂ ಮಾಡಲು ಹೋದರೆ ಸಿಲಿಂಡರಿಗೆ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಥ ಹಕ್ಕುಕೇಳಿಕೆಗಳು ತಿರಸ್ಕೃತವಾಗುವುದು ಮೇಲಿನ ಕಾರಣಗಳಿಂದಲೇ. “ಎಂಜಿನ್ ಪ್ರೊಟೆಕ್ಟ್” ಎಂಬ ಹೆಚ್ಚುವರಿ ರಕ್ಷಣೆ ಕೊಂಡವರಿಗೆ ಮಾತ್ರ ಅದರ ಷರತ್ತಿಗೆ ಒಳಪಟ್ಟು ಪರಿಹಾರ ಸಿಗುತ್ತದೆ.

ಅಪಘಾತದ ದುರಸ್ತಿಯಲ್ಲಿಯೂ ಪೂರ್ಣ ಮೊತ್ತ ಬರುವುದಿಲ್ಲ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳ ಬೆಲೆಯಲ್ಲಿ ಶೇ. 50, ಫೈಬರ್ ಭಾಗಗಳಲ್ಲಿ ಶೇ. 30 ಸವಕಳಿಯೆಂದು ಕಡಿತವಾಗುತ್ತದೆ. ಲೋಹದ ಭಾಗಗಳಿಗೆ ವಾಹನದ ವಯಸ್ಸಿನಂತೆ ಕಡಿತ ಹೆಚ್ಚುತ್ತ ಹೋಗಿ, ಐದರಿಂದ ಹತ್ತು ವರ್ಷದ ಗಾಡಿಗೆ ಶೇ. 40 ಮುಟ್ಟುತ್ತದೆ. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೆ ಮೇಲ್ಪಟ್ಟ ಕಾರಿಗೆ 2,000 ರೂಪಾಯಿ ಕಡ್ಡಾಯವಾಗಿ ನಮ್ಮ ಪಾಲು. ಅಪಘಾತದ ಗಾಡಿಯನ್ನು ಎಳೆಸಲು ಸಾಮಾನ್ಯ ಪಾಲಿಸಿ ಖಾಸಗಿ ಕಾರಿಗೆ ಕೊಡುವುದು 1,500 ರೂಪಾಯಿ ಮಾತ್ರ. ಇಂದಿನ ಕ್ರೇನಿನ ದರದಲ್ಲಿ ಅದು ಯಾವ ಮೂಲೆಗೆ? ಹೆಚ್ಚುವರಿ ಪ್ರೀಮಿಯಂ ಕೊಟ್ಟು ಈ ಮಿತಿಯನ್ನು ಏರಿಸಿಕೊಳ್ಳಬಹುದೆಂಬುದನ್ನು ಲಾರಿ ಮಾಲೀಕರು ವಿಶೇಷವಾಗಿ ಗಮನಿಸಬೇಕು.

ಸರಕು ತುಂಬಿದ ಗಾಡಿ ನಿಂತರೆ

ಕಾರು ಕೆಟ್ಟರೆ ದುರಸ್ತಿಯ ಖರ್ಚು. ಸರಕಿನ ಗಾಡಿ ಕೆಟ್ಟರೆ ಖರ್ಚಿಗಿಂತ ಹೆಚ್ಚಿನ ಗಂಡಾಂತರ ಇ-ವೇ ಬಿಲ್ಲಿನದು. ಕರ್ನಾಟಕದಲ್ಲಿ ರಾಜ್ಯದೊಳಗಿನ ಸಾಗಣೆಗೆ 2018ರ ಏಪ್ರಿಲ್ 1ರಿಂದಲೇ ಇದು ಜಾರಿಯಲ್ಲಿದೆ. ಈ ವಿಷಯದಲ್ಲಿ ನಮ್ಮದೇ ಮೊದಲ ರಾಜ್ಯ. ತೆರಿಗೆಯೂ ಸೇರಿ 50,000 ರೂಪಾಯಿ ಮೀರಿದ ಸರಕಿಗೆ ಇದು ಬೇಕು.

ಸದಸ್ಯರು ಮೊದಲು ತಿಳಿಯಬೇಕಾದದ್ದು ಬಿಲ್ಲಿನ ಆಯುಷ್ಯ. 2021ರ ಜನವರಿ 1ರಿಂದ ಪ್ರತಿ 200 ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದು ದಿನ. ಮೊದಲು ಇದು 100 ಕಿಲೋಮೀಟರಿಗೆ ಒಂದು ದಿನ ಇತ್ತು. ಮೊದಲ ದಿನ ಮುಗಿಯುವುದು ಬಿಲ್ಲು ಮಾಡಿದ ಮರುದಿನದ ನಡುರಾತ್ರಿಗೆ. ಇಳಕಲ್ಲಿನಿಂದ ವಿಜಯಪುರಕ್ಕೆ ಶನಿವಾರ ಸಂಜೆ ಆರಕ್ಕೆ ಸೀರೆಯ ಗಂಟುಗಳನ್ನು ಹೇರಿ ಬಿಲ್ಲು ಮಾಡಿದರೆ ರವಿವಾರ ನಡುರಾತ್ರಿಯವರೆಗೆ ಅದು ನಡೆಯುತ್ತದೆ. ಶನಿವಾರ ರಾತ್ರಿ ನಿಡಗುಂದಿಯ ಹತ್ತಿರ ಆ್ಯಕ್ಸೆಲ್ ಮುರಿಯಿತೆನ್ನಿ. ರವಿವಾರ ಬಿಡಿಭಾಗದ ಅಂಗಡಿ ಮುಚ್ಚಿದೆ. ಸೋಮವಾರ ಮಧ್ಯಾಹ್ನ ಗಾಡಿ ಹೊರಡುವಾಗ ಬಿಲ್ಲು ಸತ್ತಿರುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಅದೇ ಗಾಡಿ ಮುಂದುವರಿಯುವುದಾದರೆ ಅವಧಿಯನ್ನು ವಿಸ್ತರಿಸಬೇಕು. ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯ ನಂತರದವರೆಗೆ ಮಾತ್ರ ಪೋರ್ಟಲ್ ಇದಕ್ಕೆ ಅವಕಾಶ ಕೊಡುತ್ತದೆ. ಮೇಲಿನ ಉದಾಹರಣೆಯಲ್ಲಿ ರವಿವಾರ ಸಂಜೆ ನಾಲ್ಕರಿಂದ ಸೋಮವಾರ ಬೆಳಿಗ್ಗೆ ಎಂಟರವರೆಗೆ. ಗಾಡಿ ನಿಂತ ಸ್ಥಳ, ಉಳಿದ ದೂರ ಹಾಗೂ ಕಾರಣ ನಮೂದಿಸಬೇಕು. ಬಿಲ್ಲಿನಲ್ಲಿ ಸಾಗಣೆದಾರನ ಹೆಸರಿದ್ದರೆ ವಿಸ್ತರಣೆ ಅವನಿಂದಲೇ ಆಗಬೇಕು. ಅವನ ಕಚೇರಿ ರವಿವಾರ ಬೀಗ ಹಾಕಿರುತ್ತದೆಯೇ ಎಂದು ಮೊದಲೇ ವಿಚಾರಿಸಿ ಇಟ್ಟುಕೊಂಡವನೇ ಜಾಣ.

ಸರಕನ್ನು ಬೇರೆ ಗಾಡಿಗೆ ಹೇರುವುದಾದರೆ ಬಿಲ್ಲಿನ ‘ಬಿ’ ಭಾಗದಲ್ಲಿ ಹೊಸ ವಾಹನದ ಸಂಖ್ಯೆಯನ್ನು ತುಂಬಬೇಕು. ವಾಹನ ಕೆಟ್ಟ ಕಾರಣವೆಂದು ಆಯ್ಕೆ ಮಾಡಲು ಅಲ್ಲಿಯೇ ಅವಕಾಶವಿದೆ. ಇದನ್ನು ಸರಕು ಬದಲಾಯಿಸಿ ಮುಂದೆ ಸಾಗಿಸುವ ಮೊದಲೇ ಮಾಡಬೇಕು. ಊರು ಮುಟ್ಟಿದ ಮೇಲೆ ಅಲ್ಲ. ಒಂದು ಲಾರಿಯ ಸರಕು ಎರಡು ಟೆಂಪೊಗಳಿಗೆ ಹಂಚಿಹೋದರೆ ಬಹು ವಾಹನಗಳ ಆಯ್ಕೆಯನ್ನು ಬಳಸಬೇಕು. ಎರಡನೆಯ ಟೆಂಪೊವನ್ನು ಬಿಲ್ಲಿಲ್ಲದೆ ಕಳುಹಿಸಿ ಸಿಕ್ಕಿಬಿದ್ದ ಪ್ರಸಂಗಗಳಿವೆ.

ಸಿಕ್ಕಿಬಿದ್ದರೆ ಏನು? ಜಿಎಸ್‌ಟಿ ಕಾಯಿದೆಯ 129ನೆಯ ಕಲಮಿನಂತೆ, 2022ರ ಜನವರಿ 1ರಿಂದ, ಸರಕಿನ ಮಾಲೀಕ ಮುಂದೆ ಬಂದರೆ ತೆರಿಗೆಯ ಶೇ. 200ರಷ್ಟು ದಂಡ. ನಾಲ್ಕು ಲಕ್ಷ ರೂಪಾಯಿಯ ಸೀರೆಗೆ ಶೇ. 5ರ ದರದಲ್ಲಿ ತೆರಿಗೆ 20,000, ದಂಡ 40,000. ಶೇ. 18ರ ಸರಕಾದರೆ ಅದೇ ಮೌಲ್ಯಕ್ಕೆ 1,44,000. ಒಂದು ಮುರಿದ ಆ್ಯಕ್ಸೆಲ್ಲಿನಿಂದ ಆರಂಭವಾದ ನಷ್ಟ ಇಲ್ಲಿಗೆ ಬಂದು ಮುಟ್ಟುತ್ತದೆ. ವಾಹನ ಸಂಖ್ಯೆಯ ಒಂದೆರಡು ಅಂಕಿ ತಪ್ಪಿದಂತಹ ಸಣ್ಣ ದೋಷಗಳಿಗೆ ಮಾತ್ರ ಒಟ್ಟು 1,000 ರೂಪಾಯಿ ದಂಡ ಸಾಕೆಂದು 2018ರ ಸೆಪ್ಟೆಂಬರ್ 14ರ ಸುತ್ತೋಲೆ ಹೇಳಿದೆ. ಅವಧಿ ಮುಗಿದ ಬಿಲ್ಲು ಈ ಸಣ್ಣ ದೋಷಗಳ ಪಟ್ಟಿಯಲ್ಲಿಲ್ಲ.

ಆದರೂ ನ್ಯಾಯಾಲಯಗಳು ಕಣ್ಣು ಮುಚ್ಚಿ ದಂಡವನ್ನು ಎತ್ತಿಹಿಡಿದಿಲ್ಲ. ಹೈದರಾಬಾದಿನಲ್ಲಿ ರಸ್ತೆ ತಡೆಯಿಂದಾಗಿ ಸರಕು ತಡವಾಗಿ, ಬಿಲ್ಲಿನ ಅವಧಿ ಮುಗಿದ ಸತ್ಯಂ ಶಿವಂ ಪೇಪರ್ಸ್ ಪ್ರಕರಣದಲ್ಲಿ, ಅವಧಿ ಮುಗಿದದ್ದೊಂದೇ ತೆರಿಗೆ ವಂಚನೆಯ ಉದ್ದೇಶಕ್ಕೆ ಸಾಕ್ಷಿಯಾಗದೆಂದು ತೆಲಂಗಾಣ ಹೈಕೋರ್ಟು ಹೇಳಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಲಾಖೆಯ ಮನವಿಯನ್ನು ವಜಾ ಮಾಡಿ, ಹೈಕೋರ್ಟು ವಿಧಿಸಿದ್ದ 10,000 ರೂಪಾಯಿಯ ಜೊತೆಗೆ ಇನ್ನೂ 59,000 ರೂಪಾಯಿ ವೆಚ್ಚ ಕೊಡಿಸಿತು. ಸಣ್ಣ ವರ್ತಕ ಅಷ್ಟು ದೂರ ಹೋಗಲಾರ, ಹೋಗಬೇಕಾಗಿಯೂ ಇಲ್ಲ. ಚಾಲಕನು ನಿಂತ ಗಾಡಿಯ ಚಿತ್ರ, ಕ್ರೇನಿನ ರಸೀತಿ, ದಿನಾಂಕವುಳ್ಳ ಗ್ಯಾರೇಜ್ ಬಿಲ್ಲು ಇವನ್ನು ಇಟ್ಟುಕೊಂಡಿದ್ದರೆ ತಪಾಸಣೆಯ ಅಧಿಕಾರಿಯ ಮುಂದೆಯೇ ಮಾತಿಗೆ ತೂಕ ಬರುತ್ತದೆ. ಮೂವತ್ತು ನಿಮಿಷಕ್ಕಿಂತ ಹೆಚ್ಚು ಕಾಲ ಗಾಡಿಯನ್ನು ತಡೆದು ನಿಲ್ಲಿಸಿದರೆ ಅದನ್ನೂ ಪೋರ್ಟಲಿನಲ್ಲಿ ಇಡಬ್ಲ್ಯೂಬಿ-04 ನಮೂನೆಯಲ್ಲಿ ದಾಖಲಿಸಲು ಸಾಗಣೆದಾರನಿಗೆ ಹಕ್ಕಿದೆ.

ಬಿಲ್ಲು ಮತ್ತು ವಹಿ

ಇನ್ನು ಎರಡನೆಯ ಸೊನ್ನೆ. ಚಾಲಕನೂ ಸೇರಿ ಹದಿಮೂರು ಆಸನಗಳವರೆಗಿನ, ಜನರನ್ನು ಒಯ್ಯುವ ವಾಹನದ ದುರಸ್ತಿ ಮತ್ತು ವಿಮೆಯ ಮೇಲಿನ ತೆರಿಗೆಗೆ ಹೂಡುವಳಿ ಜಮೆ ಇಲ್ಲವೆಂದು ಜಿಎಸ್‌ಟಿಯ 17(5)ನೆಯ ಕಲಮು ಹೇಳುತ್ತದೆ. ವಾಹನ ಮಾರಾಟಗಾರರು, ಪ್ರಯಾಣಿಕರನ್ನು ಬಾಡಿಗೆಗೆ ಒಯ್ಯುವವರು, ಚಾಲನೆ ಕಲಿಸುವವರು ಇದಕ್ಕೆ ಹೊರತು. ಸೀರೆ ವ್ಯಾಪಾರಿಯ ಕಾರು ವ್ಯಾಪಾರಕ್ಕಾಗಿಯೇ ಓಡಿದರೂ ಫಲವಿಲ್ಲ. ಆದರೆ ಅದೇ ವ್ಯಾಪಾರಿಯ ಸರಕು ಟೆಂಪೊದ ದುರಸ್ತಿಗೆ ಜಮೆ ಉಂಟು. ಹೊರ ಊರಿನಲ್ಲಿ ಟೆಂಪೊ ಕೆಟ್ಟಾಗ ಚಾಲಕನು ತನ್ನ ಹೆಸರಿನಲ್ಲಿ ಬಿಲ್ಲು ಮಾಡಿಸಿ ತಂದರೆ ಆ ಜಮೆ ಕೈತಪ್ಪುತ್ತದೆ. ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆ ಬರೆದ ಚೀಟಿಯನ್ನು ಗಾಡಿಯ ಕಾಗದಪತ್ರಗಳ ಜೊತೆಯಲ್ಲಿಯೇ ಇಡಬೇಕು. ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ದರದಲ್ಲಿ ವಸೂಲು ಮಾಡುತ್ತಿಲ್ಲವೆಂಬುದನ್ನು ಬಿಲ್ಲಿನಲ್ಲಿ ನೋಡಿಕೊಳ್ಳಬೇಕು. ನೋಂದಣಿಯಿಲ್ಲದ ಸಣ್ಣ ಗ್ಯಾರೇಜು ತೆರಿಗೆ ಹಾಕುವಂತಿಲ್ಲ. ಅಲ್ಲಿ ಜಮೆಯ ಪ್ರಶ್ನೆಯೇ ಇಲ್ಲ, ಕಾಂಪೊಸಿಷನ್ ಯೋಜನೆಯ ವರ್ತಕರಿಗೂ ಇಲ್ಲ.

ಆದಾಯ ತೆರಿಗೆಯಲ್ಲಿ ವ್ಯಾಪಾರದ ವಾಹನದ ದುರಸ್ತಿ ಖರ್ಚಿಗೆ ಅವಕಾಶವಿದೆ. ಮನೆಯ ಬಳಕೆಯ ಪಾಲನ್ನು ಮಾತ್ರ ಕಳೆಯಬೇಕು. ಒಂದೇ ದಿನ ಒಬ್ಬನಿಗೆ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟರೆ ಆ ಖರ್ಚು ಮಾನ್ಯವಾಗುವುದಿಲ್ಲ. ಗಡಿಬಿಡಿಯಲ್ಲಿ ನಗದು ಎಣಿಸಿ ಕೊಡುವವರು ಇದನ್ನು ಮರೆಯುತ್ತಾರೆ. ನಾನು 41,600 ರೂಪಾಯಿಯಲ್ಲಿ 25,000ವನ್ನು ಒಮ್ಮೆಲೇ ನಗದಾಗಿ ಕೊಟ್ಟಿದ್ದೆ. ನಮ್ಮ ಲೆಕ್ಕಪರಿಶೋಧಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದರು. ಮೊಬೈಲಿನಿಂದ ಪಾವತಿಸಿದ್ದರೆ ಅದೇ ಹಣ ಖರ್ಚಾಗಿ ನಿಲ್ಲುತ್ತಿತ್ತು. ವಹಿವಾಟಿನ ಶೇಕಡಾವಾರು ಅಂದಾಜು ಲಾಭ ತೋರಿಸುವ ಯೋಜನೆಯಲ್ಲಿರುವವರಿಗೆ ದುರಸ್ತಿ ಖರ್ಚನ್ನು ಬೇರೆಯಾಗಿ ಕಳೆಯುವ ಅವಕಾಶವೇ ಇಲ್ಲ.

ಬಾಡಿಗೆ ಲಾರಿಯವನ ಹೊಣೆ

ಗಾಡಿ ನಮ್ಮದಲ್ಲ, ಸರಕು ಮಾತ್ರ ನಮ್ಮದು ಎಂಬುದು ಹೆಚ್ಚಿನ ಸದಸ್ಯರ ಸ್ಥಿತಿ. 1865ರ ಹಳೆಯ ಕಾಯಿದೆಯ ಬದಲು 2007ರ ರಸ್ತೆ ಸಾಗಣೆ ಕಾಯಿದೆ ಬಂದಿದ್ದು, 2011ರಿಂದ ಜಾರಿಯಲ್ಲಿದೆ. ಇದರ ಪ್ರಕಾರ ಸರಕು ಒಪ್ಪಿಸುವಾಗ ಕಳುಹಿಸುವವನು ಫಾರ್ವರ್ಡಿಂಗ್ ನೋಟ್ ಬರೆದುಕೊಡಬೇಕು, ಸಾಗಣೆದಾರ ರಸೀತಿ ಕೊಡಬೇಕು. ಹೆಚ್ಚಿನ ಮೌಲ್ಯ ಘೋಷಿಸಿ ಹೆಚ್ಚಿನ ದರ ಕೊಡದಿದ್ದರೆ, ಸರಕು ಹಾಳಾದಾಗ ಅವನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಎರಡು ಸಾವಿರ ರೂಪಾಯಿ ಬಾಡಿಗೆಯ ಗಂಟುಗಳಲ್ಲಿ ಮೂರು ಲಕ್ಷದ ಸೀರೆ ಇದ್ದರೂ ಸಿಗುವುದು ಇಪ್ಪತ್ತು ಸಾವಿರ.

ವಿಳಂಬಕ್ಕೆ ಪರಿಹಾರ ಬೇಕಾದರೆ ಇಂಥ ದಿನದೊಳಗೆ ಮುಟ್ಟಬೇಕೆಂಬ ಒಪ್ಪಂದ ಫಾರ್ವರ್ಡಿಂಗ್ ನೋಟಿನಲ್ಲಿಯೇ ಇರಬೇಕು. ಮದುವೆ ಹಂಗಾಮಿಗೆ, ಜಾತ್ರೆಗೆ ಮಾಲು ಕಳುಹಿಸುವವರು ಈ ಒಂದು ಸಾಲನ್ನು ಬರೆಯಿಸದೆ ಬಿಡುತ್ತಾರೆ. ಹುಣ್ಣಿಮೆ ಕಳೆದ ಮೇಲೆ ಬನಶಂಕರಿಗೆ ಮುಟ್ಟಿದ ಸರಕಿನ ನಷ್ಟವನ್ನು ಸರಕಿನ ವಿಮೆಯೂ ತುಂಬಿಕೊಡುವುದಿಲ್ಲ, ಏಕೆಂದರೆ ವಿಳಂಬದಿಂದಾದ ನಷ್ಟವನ್ನು ಒಳನಾಡು ಸಾಗಣೆಯ ಪಾಲಿಸಿ ಹೊರಗಿಟ್ಟಿದೆ. ಸಾಗಣೆದಾರನ ಮೇಲೆ ದಾವೆ ಹೂಡುವುದಿದ್ದರೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಅವನಿಗೆ ತಲುಪಿರಬೇಕು. ಫೋನಿನಲ್ಲಿ ಆಡಿದ ಮಾತು ನೋಟೀಸಾಗುವುದಿಲ್ಲ. ರಸೀತಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಷರತ್ತುಗಳನ್ನು ಸರಕು ಹೇರುವ ಮೊದಲೇ ಓದಿ, ಒಪ್ಪಿಗೆಯಿಲ್ಲದ್ದನ್ನು ಸಾಗಣೆದಾರನೊಡನೆ ಮಾತಾಡಿ ಹೊಡೆದುಹಾಕಿಸಿ, ಎರಡೂ ಕಡೆಯವರು ಅಲ್ಲಿಯೇ ಸಹಿ ಮಾಡಬೇಕು.